ಇಪ್ಪತ್ಮೂರನೇ ಫೈಲು

ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುವ ಮುಂಚೆ ವನಜಾಕ್ಷಿ ಗಂಡನ ಮಂಚದ ಪಕ್ಕ ನೀರಿನ ಬಾಟಲು, ಊಟದ ಡಬ್ಬಿ, ಒಂದು ಹೊರೆ ತೆಂಗಿನ ಗರಿ, ಒಂದು ಸಣ್ಣ ಚಾಕು ಇಡುತ್ತಿದ್ದಳು. ಆಮೇಲೆ ಬಾಗಿಲು ಎಳೆದುಕೊಂಡು ಹೊರಗಿನಿಂದ ಬೀಗ ಹಾಕುತ್ತಿದ್ದಳು. ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ತೆರೆದ ಬಾಗಿಲಿನಿಂದ ಕೋತಿಗಳು ನುಗ್ಗಿ, ರಾಗಿಹಿಟ್ಟಿನ ಡಬ್ಬ ಉರುಳಿಸಿ, ಕಾಂತೇಶನ ಹೊದಿಕೆಯನ್ನೇ ಹಿಡಿದು ಎಳೆದಾಡಿದ್ದವು. ಅವನು ಮಲಗಿದಲ್ಲಿಂದಲೇ ಕೂಗಿದ್ದ, ಚೊಂಬು ಎಸೆದಿದ್ದ. ಕೋತಿಗಳು ಚೊಂಬನ್ನೂ ಎತ್ತಿಕೊಂಡು ಹೋದವು. ಅವತ್ತು ಸಂಜೆ ಅವನೇ ಹೆಂಡತಿಗೆ ಹೇಳಿದ್ದ, "ನಾಳೆಯಿಂದ ಬೀಗ ಹಾಕ್ಕಂಡು ಹೋಗು."

ವನಜಾಕ್ಷಿಗೆ ತಿಪಟೂರಿನ ಕಾಯಿಪುಡಿ ಕಾರ್ಖಾನೆಯಲ್ಲಿ ಕೆಲಸ. ಅವಳು ವಾಪಸು ಬರುವಾಗ ಸಂಜೆ ಆರು. ಅಲ್ಲಿಯವರೆಗೆ ಕಾಂತೇಶ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದ. ಅವನಿಗೆ ನಲವತ್ತೆರಡು ವರ್ಷ. ಒಂದು ಕಾಲದಲ್ಲಿ ನೊಣವಿನಕೆರೆ ಸುತ್ತಿನ ತೋಟಗಳಲ್ಲಿ ಅವನಷ್ಟು ಬೇಗ ಮರ ಹತ್ತಿ ಕಾಯಿ ಕೀಳುವವರು ಯಾರೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ತೋಂಟದಾರ್ಯ ಎಂಬ ಹಿರಿಯರ ತೋಟದಲ್ಲಿ ಮರದಿಂದ ಬಿದ್ದ. ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮಂಚದಿಂದ ಕಾಣುತ್ತಿದ್ದದ್ದು ಎದುರಿನ ಗೋಡೆ, ಅದರಲ್ಲಿ ಒಂದು ಸಣ್ಣ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಇನ್ನೊಂದು ಗೋಡೆ. ಮನೆಯ ಸುತ್ತ ಇಷ್ಟೊಂದು ತೆಂಗಿನ ಮರಗಳಿದ್ದರೂ ಒಂದರ ತಲೆಯೂ ಅವನಿಗೆ ಕಾಣುತ್ತಿರಲಿಲ್ಲ.

ಆಷಾಢ ಕಳೆದ ಮೇಲೆ ಒಂದು ದಿನ ವನಜಾಕ್ಷಿಯ ಮೊಬೈಲಿಗೆ ಸೂರ್ಯಪ್ರಕಾಶ್ ಎಂಬುವರ ಫೋನು ಬಂತು. ಅವರು ತೆಂಗಿನ ರೋಗಗಳ ಬಗ್ಗೆ ಅಧ್ಯಯನ ಮಾಡುವ ವಿಜ್ಞಾನಿ. ಕಾಂತೇಶ ಬೀಳುವ ಮುಂಚೆ ಒಂದೂವರೆ ತಿಂಗಳು ಅವರಿಗಾಗಿ ಕೆಲಸ ಮಾಡಿದ್ದ. ಎದೆಗೆ ಒಂದು ಪುಟ್ಟ ಎಚ್‌ಡಿ ಕ್ಯಾಮೆರಾ ಕಟ್ಟಿಕೊಂಡು ಮರ ಹತ್ತಿ, ಸುಳಿ, ಗರಿ, ಗೊನೆಗಳನ್ನು ಹತ್ತಿರದಿಂದ ಚಿತ್ರೀಕರಿಸಿ ಇಳಿಯುವುದು ಅವನ ಕೆಲಸವಾಗಿತ್ತು. ಕೆಳಗೆ ನಿಂತು ಯಾವ ಮರ, ಯಾವ ರೋಗ ಎಂದು ಕೂಗಿ ಹೇಳುತ್ತಿದ್ದವನು ಅವನ ಜೊತೆಗಾರ ಬಾಲರಾಜು.

"ರೈತರಿಗೆ ತೋರ್ಸೋಕೆ ಒಂದು ಫಿಲಂ ಮಾಡ್ತಾ ಇದೀವಮ್ಮ," ಎಂದರು ಸೂರ್ಯಪ್ರಕಾಶ್. "ಆಗ ಮರಗಳು ಹೆಂಗಿದ್ವು, ಈಗ ಹೆಂಗಿದಾವೆ ಅಂತ ಹೋಲ್ಸಿ ತೋರ್ಸಬೇಕು. ಆ ಕೊನೇ ಕಾರ್ಡು ನಿಮ್ಮತ್ರಾನೇ ಉಳಿದಿತ್ತಲ್ವಾ?"

ವನಜಾಕ್ಷಿ ಗಂಡನ ಕಡೆ ನೋಡಿದಳು. ಕಾಂತೇಶ ತಲೆ ಅಲ್ಲಾಡಿಸಿದ. "ಅದು ಕೆಟ್ಟೋಗೈತೆ ಅಂತ ಹೇಳು."

ಹನ್ನೊಂದು ವರ್ಷದಿಂದಲೂ ಅವನು ಅದನ್ನೇ ಹೇಳುತ್ತ ಬಂದಿದ್ದ. ಬಿದ್ದಾಗ ಕ್ಯಾಮೆರಾ ಒಡೆಯಿತು, ಕಾರ್ಡೂ ಹಾಳಾಯಿತು ಅಂತ. ಆದರೂ ಅದನ್ನು ಎಸೆಯಲು ಬಿಟ್ಟಿರಲಿಲ್ಲ. ತಲೆದಿಂಬಿನ ಕವರಿನೊಳಗೆ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ವನಜಾಕ್ಷಿ ಮಾರನೇ ದಿನ ಕವರು ಒಗೆಯುವಾಗ ಡಬ್ಬಿಯನ್ನು ತೆಗೆದು ತನ್ನ ತಂಗಿ ಭಾನುಪ್ರಿಯಾಗೆ ಕೊಟ್ಟಳು. ಗಂಡನನ್ನು ಕೇಳಲಿಲ್ಲ. ಒಳ್ಳೆಯ ಕೆಲಸಕ್ಕೆ ಕೇಳುವುದೇನಿದೆ ಎಂದುಕೊಂಡಳು.

ಭಾನುಪ್ರಿಯಾ ತಿಪಟೂರಿನಲ್ಲಿ ಗಂಡನ ಜೊತೆ ಸ್ಟುಡಿಯೋ ನಡೆಸುತ್ತಿದ್ದಳು. ಮದುವೆ, ನಾಮಕರಣದ ವಿಡಿಯೋಗಳನ್ನು ಗಂಡ ತೆಗೆದರೆ ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕೆಲಸ ಅವಳದು. ಬುಧವಾರ ಬೆಳಿಗ್ಗೆ ಏಳಕ್ಕೇ ಅಕ್ಕನ ಮನೆಗೆ ಬಂದಳು, ಹೆಗಲಿನ ಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪು.

"ಭಾವ, ಕಾರ್ಡು ಕೆಟ್ಟಿಲ್ಲ ಕಣ್ರೀ," ಎಂದಳು ಖುಷಿಯಿಂದ. "ನಿನ್ನೆ ಕ್ಯಾಮೆರಾಗೆ ಹಾಕಿ ನೋಡ್ದೆ. ಇಪ್ಪತ್ನಾಕು ಫೈಲ್ ಐತೆ. ಸೊನ್ನೆಯಿಂದ ಇಪ್ಪತ್ಮೂರರ ತನಕ. ಯಾವ ಮರ ಯಾವುದು ಅಂತ ನನಗೇನ್ ಗೊತ್ತಾಯ್ತದೆ? ನೀವೇ ನೋಡಿ ಹೇಳ್ಬೇಕು. ಅದಕ್ಕೇ ಇಲ್ಲಿಗೇ ತಂದೆ."

ಕಾಂತೇಶನ ಕೈಯಲ್ಲಿದ್ದ ಚಾಕು ನಿಂತಿತು. "ನೀನು ನೋಡಿದ್ಯಾ?"

"ಮೊದಲ್ನೇದು ಒಂಚೂರು. ಉಳಿದಿದ್ದು ನೋಡೋಕೆ ಪುರುಸೊತ್ತೆಲ್ಲಿ?"

ಕಿಟಕಿಯ ಕೆಳಗೆ ಒಂದು ಕಬ್ಬಿಣದ ಟ್ರಂಕು ಇತ್ತು. ಮನೆಯಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ಅಲ್ಲೊಂದೇ ಕಡೆ. ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದರ ಪಕ್ಕದ ಸಂದಿಗೆ ಕಾರ್ಡು ತಳ್ಳಿ, ಭಾನುಪ್ರಿಯಾ ಮೊದಲನೇ ಫೈಲನ್ನು ಒತ್ತಿದಳು. ಗಾಳಿಯ ಶಬ್ದ ಬಂತು. ಗರಿಗಳ ಸರಸರ ಬಂತು. ಚಿತ್ರ ಮಾತ್ರ ಒಂದು ಮಟ್ಟೆಯ ಮೇಲೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಹಾರಿ ಇನ್ನೆಲ್ಲಿಗೋ ಹೋಗಿ ಮತ್ತೆ ನಿಂತಿತು.

"ಕೆಟ್ಟೈತೆ ಅಂದೆನಲ್ಲ," ಎಂದ ಕಾಂತೇಶ.

"ಇಲ್ಲ ಭಾವ, ಈ ಕ್ಯಾಮೆರಾ ಎಲ್ಲಾನೂ ಒತ್ತಿ ಒತ್ತಿ ತುಂಬಿರ್ತದೆ. ಅದನ್ನ ಬಿಚ್ಚಿ ತೋರ್ಸೋ ಶಕ್ತಿ ಈ ಹಳೇ ಲ್ಯಾಪ್‌ಟಾಪಿಗಿಲ್ಲ. ಅದಕ್ಕೆ ಮಾತು ಮುಂದೆ ಓಡ್ತದೆ, ಚಿತ್ರ ನಿಂತ್ಕಂತದೆ. ಒಂದ್ಸಲ ಬಿಚ್ಚಿ ಹೊಸ ಫೈಲಾಗಿ ಕನ್ವರ್ಟ್ ಮಾಡಿದ್ರೆ ಸಲೀಸಾಗಿ ಓಡ್ತದೆ. ಕತ್ತರಿಸಿ ಜೋಡ್ಸೋಕೂ ಸುಲಭ."

ಅವಳು ಕಾರ್ಡಿನಲ್ಲಿದ್ದ ಫೋಲ್ಡರನ್ನು ಹಾಗೇ ಇಡಿಯಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಒಂದೊಂದೇ ಫೈಲು ಎಳೆದುಕೊಂಡರೆ ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಅರ್ಧ ಮಾತು ನುಂಗಿಹೋಗುತ್ತದೆ ಎಂದು ವಿವರಿಸಿದಳು. ಆಮೇಲೆ ಇಪ್ಪತ್ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಗುಂಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಚಿತ್ರವೊಂದು ಸದ್ದಿಲ್ಲದೆ ಓಡತೊಡಗಿತು. ಕೆಳಗೆ ಒಂದು ಹಸಿರು ಗೆರೆ ಇರುವೆಯ ಹಾಗೆ ಸರಿಯುತ್ತಿತ್ತು.

"ಸಾಯಂಕಾಲದೊತ್ತಿಗೆ ಎಲ್ಲಾ ಆಗಿರ್ತದೆ. ನನಗೆ ತುರುವೇಕೆರೇಲಿ ಒಂದು ಆರತಕ್ಷತೆ ಐತೆ, ಮುಗಿಸ್ಕಂಡು ಅಕ್ಕನ ಜೊತೇಲೇ ಬತ್ತೀನಿ. ಕೂತು ಪೂರ್ತಿ ನೋಡಾಣ. ಬ್ಯಾಟರಿ ಸತ್ತೋಗೈತೆ, ವೈರ್ ಕಿತ್ರೆ ಮುಗೀತು. ಹಂಗೇ ಇರ್ಲಿ."

"ಯಾಕ್ ಬೇಕು ಈಗ ಅದೆಲ್ಲ? ತಗಂಡೋಗಮ್ಮ ನೀನು."

"ನಾನೂ ನೋಡ್ಬೇಕು ಕಣ್ರೀ," ಎಂದಳು ವನಜಾಕ್ಷಿ, ಊಟದ ಡಬ್ಬಿ ಇಡುತ್ತ. "ನೀವು ಮರದ ಮೇಲಿದ್ದಾಗ ನಾನು ಕೆಳಗಿಂದ ಕಂಡಿದ್ದೇ ಹೊರ್ತು ಮೇಲಿಂದ ಏನ್ ಕಾಣ್ತದೆ ಅಂತ ಯಾವತ್ತೂ ನೋಡಿಲ್ಲ."

ಇಬ್ಬರೂ ಹೊರಟರು. ಬೀಗ ಬಿದ್ದ ಶಬ್ದ ಕೇಳಿಸಿತು.

ಕಾಂತೇಶ ಮಲಗಿದ್ದಲ್ಲಿಂದ ಟ್ರಂಕು ಎಂಟು ಅಡಿ ದೂರ.

ಇಪ್ಪತ್ಮೂರನೇ ಫೈಲಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಅವನು ಬಿದ್ದ ದಿನದ ಚಿತ್ರೀಕರಣ ಅದು. ಆ ದಿನದ ಬಗ್ಗೆ ಊರಿಗೆಲ್ಲ ಗೊತ್ತಿದ್ದ ಕಥೆ ಒಂದು, ನಡೆದದ್ದು ಇನ್ನೊಂದು.

ಊರಿಗೆ ಗೊತ್ತಿದ್ದದ್ದು ಇದು: ಸೂರ್ಯಪ್ರಕಾಶ್ ಅವರು ಸೊಂಟಕ್ಕೂ ಮರಕ್ಕೂ ಸೇರಿಸಿ ಕಟ್ಟುವ ಒಂದು ಹಗ್ಗ ಕೊಟ್ಟಿದ್ದರು. ಅದಿಲ್ಲದೆ ಯಾರೂ ಹತ್ತಕೂಡದು, ಹತ್ತಿ ಏನಾದರೂ ಆದರೆ ತಾವು ಜವಾಬ್ದಾರರಲ್ಲ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಹಗ್ಗವನ್ನು ದಿನಾ ನೋಡಿಕೊಳ್ಳುವ ಕೆಲಸ ಬಾಲರಾಜುವಿನದು. ಅವನು ನೋಡಲಿಲ್ಲ. ಸವೆದ ಹಗ್ಗ ಕಿತ್ತುಹೋಗಿ ಕಾಂತೇಶ ಬಿದ್ದ. ಆಸ್ಪತ್ರೆಯ ಖರ್ಚನ್ನು ಸೂರ್ಯಪ್ರಕಾಶರ ಯೋಜನೆಯೇ ಕೊಟ್ಟಿತು.

ನಡೆದದ್ದು: ಕಾಂತೇಶ ಆ ದಿನ ಹಗ್ಗ ಕಟ್ಟಿಕೊಂಡೇ ಇರಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಎಚ್ಚರವಾದಾಗ ತೋಂಟದಾರ್ಯ, ಸೂರ್ಯಪ್ರಕಾಶ್, ವನಜಾಕ್ಷಿ ಸುತ್ತ ನಿಂತಿದ್ದರು. ಹಗ್ಗ ಕಿತ್ತುಹೋದದ್ದನ್ನೇ ಎಲ್ಲರೂ ಮಾತಾಡುತ್ತಿದ್ದರು. ಯಾವ ಹಗ್ಗ ಎಂದು ಅವನಿಗೆ ಅರ್ಥವೇ ಆಗಲಿಲ್ಲ. ಅವನ ಸೊಂಟದಲ್ಲಿ ತುಂಡಾದ ಹಗ್ಗ ಸಿಕ್ಕಿತಂತೆ. "ಹಗ್ಗ ಯಾರ್ಲಾ ನೋಡಿದ್ದು?" ಎಂದು ತೋಂಟದಾರ್ಯ ಕೇಳಿದರು. ಹೆಂಡತಿಯ ಮುಂದೆ, ಅದರಲ್ಲೂ ಹಗ್ಗವಿಲ್ಲದೆ ಹತ್ತುವುದಿಲ್ಲ ಎಂದು ಅವಳ ಕೈಮುಟ್ಟಿ ಹೇಳಿದ್ದ ಮೇಲೆ, ನಿಜ ಹೇಳಲು ಅವನ ನಾಲಿಗೆ ಏಳಲಿಲ್ಲ. "ಬಾಲರಾಜು ಕೊಟ್ಟ. ನಾನು ಕಟ್ಕಂಡೆ, ಅಷ್ಟೆ," ಎಂದ. ಬಾಲರಾಜು ಬಾಗಿಲ ಹತ್ತಿರ ನಿಂತಿದ್ದ. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ.

ಆಮೇಲೆ ಬಾಲರಾಜುವಿನ ಜೊತೆ ಯಾರೂ ಕೆಲಸಕ್ಕೆ ಹೋಗಲಿಲ್ಲ. ಅವನ ಹಗ್ಗ ನಂಬಿ ಮರ ಹತ್ತಬೇಡಿ ಎಂದು ತೋಂಟದಾರ್ಯ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಒಂದು ವರ್ಷ ಹೇಗೋ ಕಳೆದು ಅವನು ಸಂಸಾರ ಕಟ್ಟಿಕೊಂಡು ಅಮ್ಮಸಂದ್ರದ ಕಡೆ ಲಾರಿಗೆ ಲೋಡು ಹೊರಲು ಹೋದ.

ಕಾಂತೇಶ ಮಂಚದ ಮೇಲೆ ಮಲಗಿ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದ. ಆ ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿದವನು ಬಾಲರಾಜುವೇ. ಬೇರೆ ಯಾರು ಅಲ್ಲಿದ್ದರು? ತನ್ನ ಮೇಲೆ ತಪ್ಪು ಬರದಿರಲಿ ಎಂದು ಕಟ್ಟಿದ. ಅದು ಅವನಿಗೇ ತಿರುಗಿಕೊಂಡಿತು. ಅದಕ್ಕೆ ನಾನೇನು ಮಾಡಲಿ? ಹೀಗೆ ಹನ್ನೊಂದು ವರ್ಷ ಹೇಳಿಕೊಂಡಿದ್ದರೂ ಕಾರ್ಡಿನ ಡಬ್ಬಿ ತಲೆಯ ಕೆಳಗೆ ಒತ್ತುತ್ತಲೇ ಇತ್ತು.

ಹಸಿರು ಗೆರೆ ಸರಿಯುತ್ತಿತ್ತು. ಹತ್ತು ಗಂಟೆಗೆ ಆರು ಫೈಲು ಮುಗಿದಿದ್ದವು. ಮಂಚದಿಂದ ಸಂಖ್ಯೆ ಓದಲು ಆಗುತ್ತಿತ್ತು. ಮೂಲೆಯ ಪುಟ್ಟ ಚಿತ್ರದಲ್ಲಿ ಆಕಾಶ ವಾಲಾಡಿತು, ಸುಳಿ ಬಂತು, ಅವನ ಕೈ ಬಂದು ಗೊನೆಯನ್ನು ಪಕ್ಕಕ್ಕೆ ಸರಿಸಿತು. ಕೆಳಗೆ ತೋಟ ಹಾಸಿದ ಹಾಗೆ ಬಿದ್ದಿತ್ತು. ನೂರಾರು ಮರಗಳ ತಲೆಗಳು ಗಾಳಿಗೆ ಒಂದೇ ಕಡೆ ಬಾಗುತ್ತಿದ್ದವು. ನೋಡುತ್ತಲೇ ಇರಬೇಕೆನ್ನಿಸುತ್ತಿತ್ತು, ಆದರೆ ಕಣ್ಣು ಮತ್ತೆ ಮತ್ತೆ ಏರುತ್ತಿದ್ದ ಆ ಸಂಖ್ಯೆಯ ಕಡೆಗೇ ಹೋಗುತ್ತಿತ್ತು. ಒಂಬತ್ತು. ಹನ್ನೊಂದು. ಹದಿಮೂರು.

ಮೊಬೈಲು ಎತ್ತಿಕೊಂಡು ಭಾನುಪ್ರಿಯಾಳ ನಂಬರು ತೆಗೆದ. ಏನೆಂದು ಹೇಳುವುದು? ಇಟ್ಟುಬಿಟ್ಟ.

ಹನ್ನೆರಡೂವರೆಗೆ ಅವನು ಮಂಚದ ಅಂಚಿಗೆ ಸರಿದ. ಕೈಗಳಲ್ಲಿ ಇನ್ನೂ ಬಲವಿತ್ತು. ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲವನ್ನು ಬಿಚ್ಚಿ ಹೊಟ್ಟೆಯ ಮೇಲಿಟ್ಟುಕೊಂಡು, ಹೊದಿಕೆಯನ್ನು ಕೆಳಗೆ ಎಸೆದು, ಅದರ ಮೇಲೆ ಬೀಳುವಂತೆ ಉರುಳಿದ. ಮೊಣಕೈ ನೆಲಕ್ಕೆ ಬಡಿದು ಕಣ್ಣಿಗೆ ಕತ್ತಲೆ ಕವಿಯಿತು. ಕಾಲುಗಳು ಆಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ದೊಪ್ಪೆಂದು ಬಿದ್ದವು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದು, ಆಮೇಲೆ ಮೊಣಕೈ ಊರಿ ಎಳೆದುಕೊಳ್ಳುತ್ತ ಹೊರಟ. ಎಂಟು ಅಡಿ ದಾಟಲು ಅರ್ಧ ಗಂಟೆ ಹಿಡಿಯಿತು. ಟ್ರಂಕಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಾಗ ಅಂಗಿ ಬೆವರಲ್ಲಿ ನೆನೆದಿತ್ತು.

ವೈರು ಕೈಗೆ ಸಿಗುವಂತಿತ್ತು. ಕಾರ್ಡು ಸಂದಿಯಲ್ಲೇ ಇತ್ತು. ಕಾರ್ಡಿನಲ್ಲಿರುವ ಫೈಲು, ಲ್ಯಾಪ್‌ಟಾಪಿನಲ್ಲಿರುವ ಫೈಲು, ಎರಡೂ ಇಲ್ಲೇ. ಎರಡನ್ನೂ ಅಳಿಸಿದರೆ ಮುಗಿಯಿತು. ಪರದೆಯಲ್ಲಿ ಹತ್ತೊಂಬತ್ತನೆಯದು ಓಡುತ್ತಿತ್ತು.

ಅವನು ಫೋಲ್ಡರು ತೆರೆದು ಕೊನೆಯ ಫೈಲಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದ. ಅಳಿಸಬೇಕೆಂದೇ ಬಂದಿದ್ದ. ಆದರೆ ಅಳಿಸುವ ಮುಂಚೆ ಒಂದು ಸಲ ಕೇಳಬೇಕು ಅನ್ನಿಸಿತು. ತಾನು ನಡೆದಾಡಿದ ಕೊನೆಯ ದಿನ ಅದು. ಎರಡು ಸಲ ಕುಟ್ಟಿದ.

ಚಿತ್ರ ಒಂದು ಮರದ ಬೊಡ್ಡೆಯ ಮೇಲೆ ನಿಂತುಬಿಟ್ಟಿತು. ಧ್ವನಿ ಓಡಿತು.

"ಹಗ್ಗ ಹಾಕ್ಕಳ್ಲಾ." ಬಾಲರಾಜುವಿನ ಧ್ವನಿ. ಎಷ್ಟು ವರ್ಷವಾಗಿತ್ತು ಕೇಳಿ.

"ಒಂದ್ ಮರ ಬುಡ್ಲಾ. ಹತ್ತು ನಿಮಿಷದ ಕೆಲಸ." ತನ್ನದೇ ನಗು.

"ಸಾಹೇಬ್ರು ಬಯ್ತಾರೆ ಕಣ್ಲಾ. ಹಗ್ಗ ತಗಂಡು ಬಂದಿವ್ನಿ, ಇಳಿ ಕೆಳಗೆ."

"ನೀನೇ ಕಟ್ಕ."

ಉಸಿರಿನ ಶಬ್ದ, ಗರಿಯ ಶಬ್ದ. ಕೆಳಗಿನಿಂದ ಬಾಲರಾಜು ಇನ್ನೂ ಎರಡು ಸಲ ಕೂಗಿದ. ಬಹಳ ಹೊತ್ತು ಗಾಳಿ. ಆಮೇಲೆ ಒಣ ಮಟ್ಟೆ ಮುರಿದ ಲಟಕ್ ಶಬ್ದ, ಅದರ ಬೆನ್ನಿಗೇ ಇನ್ನೊಂದು ಶಬ್ದ. ಕಾಂತೇಶ ಕೇಳಲಾಗದೆ ಕಣ್ಣು ಮುಚ್ಚಿಕೊಂಡ.

ಅಲ್ಲಿಂದ ಮುಂದೆ ಅವನಿಗೆ ಗೊತ್ತಿಲ್ಲದ್ದು. ಓಡಿ ಬರುವ ಹೆಜ್ಜೆ. "ಕಾಂತ, ಲೇ ಕಾಂತ, ಕಣ್ ಬುಡ್ಲಾ." ಬಾಲರಾಜು ತೋಟದ ಕಡೆಗೆಲ್ಲ ಕೂಗಿಕೊಂಡ. ಬಲು ದೂರದಿಂದ ಯಾರೋ ಓಗೊಟ್ಟರು. ಆಮೇಲೆ ಟಕ್, ಟಕ್, ಟಕ್ ಎಂದು ಕಲ್ಲಿನ ಮೇಲೆ ಏನನ್ನೋ ಜಜ್ಜುವ ಸದ್ದು. ಅದರ ನಡುವೆ ಬಾಲರಾಜು ಅಳುತ್ತ ಏನೋ ಹೇಳುತ್ತಿದ್ದ. ಪೂರ್ತಿ ತಿಳಿಯಲಿಲ್ಲ. ಚಿತ್ರ ಇನ್ನೂ ಮರದ ಬೊಡ್ಡೆಯ ಮೇಲೇ ನಿಂತಿತ್ತು.

ಅವನೇನು ಮಾಡುತ್ತಿದ್ದ? ನೋಡದೆ ಗೊತ್ತಾಗುವಂತಿರಲಿಲ್ಲ. ನೋಡಬೇಕಾದರೆ ಕನ್ವರ್ಟ್ ಆಗಬೇಕಿತ್ತು. ಸಾಲಿನಲ್ಲಿ ಅದರ ಮುಂದೆ ಇನ್ನೂ ನಾಲ್ಕು ಫೈಲುಗಳಿದ್ದವು.

ವೈರು ಕೀಳಲು ತೆವಳಿಕೊಂಡು ಬಂದವನು ಈಗ ಕರೆಂಟು ಹೋಗದಿರಲಿ ಎಂದು ಬೇಡಿಕೊಳ್ಳುತ್ತ ಕೂತ. ಕುತ್ತಿಗೆ ಸೆಳೆಯಿತು. ಬಾಯಾರಿತು. ನೀರಿನ ಬಾಟಲು ಮಂಚದ ಪಕ್ಕದಲ್ಲಿತ್ತು. ವಾಪಸು ಹೋಗುವ ಶಕ್ತಿ ಇರಲಿಲ್ಲ, ಹೋದರೆ ಮತ್ತೆ ಬರುವ ಶಕ್ತಿಯೂ ಇರುವುದಿಲ್ಲ. ಹೊರಗೆ ಯಾರೋ ಮಾತಾಡಿಕೊಂಡು ಹೋದರು. ಕೂಗಿದರೂ ಬೀಗ ತೆಗೆಯಲು ಅವರಿಗೆ ಆಗುತ್ತಿರಲಿಲ್ಲ. ಅವನು ಕೂಗಲೂ ಇಲ್ಲ.

ನಾಲ್ಕು ಗಂಟೆಗೆ ಇಪ್ಪತ್ಮೂರು ಶುರುವಾಯಿತು. ಐದಕ್ಕೆ ಸ್ವಲ್ಪ ಮುಂಚೆ ಮುಗಿಯಿತು. ಅವನು ಹೊಸ ಫೈಲನ್ನು ತೆರೆದ. ಈಗ ಚಿತ್ರ ನೀರಿನ ಹಾಗೆ ಓಡಿತು.

ಬಿದ್ದಾಗ ಎದೆಯ ಪಟ್ಟಿ ಕಿತ್ತುಹೋಗಿ ಕ್ಯಾಮೆರಾ ಪಕ್ಕಕ್ಕೆ ಉರುಳಿತ್ತು. ಚಿತ್ರ ಅಡ್ಡವಾಗಿತ್ತು. ಹುಲ್ಲು, ಮರದ ಪಾತಿ, ತನ್ನ ಸೊಂಟ, ಒಂದು ಕೈ. ಬಾಲರಾಜು ಬಂದು ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದ. ಎದ್ದು ಕೂಗಿದ. ಮತ್ತೆ ಬಂದು, ಹೆಗಲ ಮೇಲಿದ್ದ ಹೊಸ ಹಗ್ಗವನ್ನು ಕೆಳಗೆ ಹಾಕಿ ಒಂದು ಗಳಿಗೆ ಅದನ್ನೇ ನೋಡಿದ. ಕಲ್ಲಿನ ಮೇಲೆ ಹಗ್ಗ ಇಟ್ಟು ಮಚ್ಚಿನ ಹಿಂಬದಿಯಿಂದ ಜಜ್ಜತೊಡಗಿದ. ಎಳೆಎಳೆಯಾಗಿ ಬಿಟ್ಟುಕೊಳ್ಳುವವರೆಗೆ ಜಜ್ಜಿ, ಎಳೆದು ತುಂಡು ಮಾಡಿ, ಒಂದು ತುಂಡನ್ನು ಕಾಂತೇಶನ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಗಂಟು ಎರಡು ಸಲ ತಪ್ಪಿತು. ಅವನ ಮಾತು ಈಗ ತುಟಿಯ ಜೊತೆ ಸೇರಿ ಸ್ಪಷ್ಟವಾಗಿ ಕೇಳಿಸಿತು.

"ಹಗ್ಗ ಇರ್ಲಿಲ್ಲ ಅಂದ್ರೆ ಸಾಹೇಬ್ರು ಕೈ ಬುಟ್ಬುಡ್ತಾರೆ ಕಣ್ಲಾ. ಆಸ್ಪತ್ರೆಗೆ ಯಾರ್ಲಾ ತೋರ್ಸ್ತಾರೆ ನಿನ್ನ? ವನಜಕ್ಕ ಏನ್ ಮಾಡ್ಬೇಕು? ನೀನು ಬದುಕ್ಕ. ಬೈಯೋದಾದ್ರೆ ನನ್ನ ಬೈಲಿ."

ತೋಂಟದಾರ್ಯರ ಧ್ವನಿ ಹತ್ತಿರ ಬಂತು. "ಏನಾಯ್ತ್ಲಾ?"

"ಹಗ್ಗ ಕಿತ್ತೋಯ್ತು ಯಜಮಾನ್ರೇ."

ಯಾರದೋ ಕಾಲು ಕ್ಯಾಮೆರಾಕ್ಕೆ ತಾಗಿ ಚಿತ್ರ ನಿಂತಿತು.

ಆರೂ ಕಾಲಿಗೆ ಬೀಗ ತೆಗೆದು ಒಳಗೆ ಬಂದ ವನಜಾಕ್ಷಿ, ಖಾಲಿ ಮಂಚ ನೋಡಿ ಕಿರುಚಿಕೊಂಡಳು. ಅಕ್ಕತಂಗಿ ಇಬ್ಬರೂ ಸೇರಿ ಅವನನ್ನು ಎತ್ತಿ ಮಲಗಿಸಿದರು. ಸುಲಿದ ಮೊಣಕೈಗಳನ್ನು ತೊಳೆದರು. ನೀರು ಕುಡಿದ ಮೇಲೆ ಕಾಂತೇಶ ಹೇಳಿದ, "ಕೊನೇದು ಹಾಕಮ್ಮ. ಇಬ್ರೂ ನೋಡಿ. ಆಮೇಲೆ ಮಾತಾಡಾಣ."

ನೋಡಿ ಮುಗಿದ ಮೇಲೆ ವನಜಾಕ್ಷಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. ಅವಳು ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಸಂತೇಲಿ ಸಿಕ್ಕಾಗ ಬಾಲರಾಜು 'ಅಕ್ಕ, ಕಾಂತ ಹೆಂಗವ್ನೆ' ಅಂತ ಕೇಳಿದ್ದ," ಎಂದಳು ಕೊನೆಗೆ. "ನಾನು ಎಲ್ಲರ ಮುಂದೆ ಅವನ ಕಾಲ ಹತ್ರ ಉಗಿದು ಬಂದೆ. ಬಂದು ನಿಮಗೆ ಹೇಳ್ದೆ. ನೀವು ಕೇಳಿಸ್ಕಂಡು ಸುಮ್ನಿದ್ರಿ."

"ಹೂಂ."

"ಬಿದ್ದಿದ್ದಕ್ಕೆ ನಾನು ಒಂದು ದಿನಾನೂ ಬೈಲಿಲ್ಲ ನಿಮ್ಮನ್ನ. ನಿಜ ಹೇಳಿದ್ರೂ ಬೈತಿರ್ಲಿಲ್ಲ."

ಎರಡು ದಿನ ಅವಳು ಅವನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದಳು, ಮಾತು ಮಾತ್ರ ಆಡಲಿಲ್ಲ. ಮೂರನೇ ದಿನ ಅವಳೇ ಯಾರಯಾರನ್ನೋ ಕೇಳಿ ಬಾಲರಾಜುವಿನ ನಂಬರು ತಂದು ಅವನ ಕೈಗಿಟ್ಟಳು.

ಫೋನಿನಲ್ಲಿ ಬಾಲರಾಜು ಎಲ್ಲವನ್ನೂ ಕೇಳಿಸಿಕೊಂಡು, "ಭಾನುವಾರ ಬತ್ತೀನಿ," ಎಂದಷ್ಟೇ ಹೇಳಿ ಇಟ್ಟ.

ಬಂದಾಗ ಗುರುತು ಸಿಗಲಿಲ್ಲ. ಕೂದಲು ಉದುರಿತ್ತು, ಲೋಡು ಹೊತ್ತು ಒಂದು ಭುಜ ಇಳಿದಿತ್ತು. ಮಂಚದ ಹತ್ತಿರ ಕೂರದೆ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತ. ವನಜಾಕ್ಷಿ ಕಾಫಿ ತಂದಿಟ್ಟು ಅವನ ಮುಂದೆ ಕೈಮುಗಿದಳು. "ಬುಡಕ್ಕ," ಎಂದ. ಕಾಫಿ ಆರಿತು.

ಭಾನುಪ್ರಿಯಾ ವಿಡಿಯೋ ಹಾಕಿದಳು. ಕಾಂತೇಶ ಮೊದಲೇ ಯೋಚಿಸಿಟ್ಟುಕೊಂಡಿದ್ದ. "ಇದನ್ನ ತೋಂಟದಾರ್ಯಪ್ಪನವ್ರಿಗೆ ತೋರ್ಸ್ತೀನಿ. ನಾನು ಬೀಳೋ ತನಕ ಮಾತ್ರ. ನೀನು ಹಗ್ಗ ಜಜ್ಜಿದ್ದು ಬೇಡ, ಅದು ನಿನಗೆ ತೊಂದ್ರೆ. ಅಲ್ಲಿಗೆ ಸರಿಯಾಗಿ ಕತ್ತರಿಸ್ತಾಳೆ ಇವಳು. ನಾನೇ ಹಗ್ಗ ಹಾಕ್ಕಳ್ಳಿಲ್ಲ ಅಂತ ಗೊತ್ತಾದ್ರೆ ಸಾಕು."

ಬಾಲರಾಜು ಪರದೆಯ ಮೇಲಿದ್ದ ತನ್ನ ಹಳೆಯ ಮುಖವನ್ನು ನೋಡುತ್ತಿದ್ದ.

"ಬೇಡ," ಎಂದ. "ಪೂರ್ತಿ ತೋರ್ಸು. ನಾನು ಸುಳ್ಳು ಹೇಳಿದ್ದೂ ನಿಜಾನೇ. ಯಾಕೆ ಹೇಳ್ದೆ ಅಂತ್ಲೂ ಗೊತ್ತಾಗ್ಲಿ." ಮೊದಲ ಸಲ ಕಾಂತೇಶನ ಕಡೆ ತಿರುಗಿದ. "ಹಗ್ಗ ಕಿತ್ತೋಯ್ತು ಅಂದಿದ್ದು ನಾನು, ಅದಕ್ಕೆ ನನಗೆ ಬೇಜಾರಿಲ್ಲ. ಯಾರು ನೋಡಿದ್ದು ಅಂತ ಕೇಳ್ದಾಗ ನೀನು 'ಗೊತ್ತಿಲ್ಲ' ಅನ್ಬೋದಾಗಿತ್ತು ಕಣ್ಲಾ. ಒಂದ್ ಮಾತು. 'ಗೊತ್ತಿಲ್ಲ' ಅಂತ."

ಕಾಂತೇಶ ಗೋಡೆಯ ಕಡೆ ಮುಖ ತಿರುಗಿಸಲು ಹೋದ. ಆಗಲಿಲ್ಲ. ಬಾಲರಾಜುವನ್ನು ನೋಡುತ್ತಲೇ ಅತ್ತ. ಬಾಲರಾಜು ಎದ್ದು ಬಂದು ಸಮಾಧಾನ ಮಾಡಲಿಲ್ಲ. ಹೊರಗೂ ಹೋಗಲಿಲ್ಲ.

ಮಧ್ಯಾಹ್ನ ತೋಂಟದಾರ್ಯರನ್ನು ಕರೆಸಿದರು. ಎಪ್ಪತ್ತೈದು ದಾಟಿದ್ದ ಅವರು ಕೋಲೂರಿಕೊಂಡು ಬಂದು, ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ತಮ್ಮ ಧ್ವನಿ ಬಂದಾಗ ಬೆಚ್ಚಿದರು. ಮುಗಿದ ಮೇಲೆ ವಿಭೂತಿ ಹಚ್ಚಿದ ಹಣೆಯನ್ನು ಒರೆಸಿಕೊಳ್ಳುತ್ತ ಕೂತರು.

"ಈಗ ಏನ್ ಮಾಡಾಕಾಯ್ತದಪ್ಪ?" ಎಂದರು.

"ನನಗೇನೂ ಬೇಡ ಯಜಮಾನ್ರೇ," ಎಂದ ಬಾಲರಾಜು. "ಬಸ್‌ಸ್ಟಾಂಡ್ ಹೋಟ್ಲಲ್ಲಿ ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ, ನನ್ನ ಹಗ್ಗ ನಂಬ್ಬೇಡಿ ಅಂತ. ಅಲ್ಲೇ ಒಂದ್ಸಲ ಹೇಳ್ಬುಡಿ."

ತೋಂಟದಾರ್ಯರು ಹೇಳಿದರು. ಹೋಟೆಲಿನಲ್ಲಿ ಅವತ್ತು ಇದ್ದವರಲ್ಲಿ ಅರ್ಧ ಜನ ಈಗ ಇರಲಿಲ್ಲ. ಇದ್ದ ಕೆಲವರಿಗೆ ಯಾವ ಬಾಲರಾಜು ಎಂದು ನೆನಪಿಸಬೇಕಾಯಿತು. ಆದರೂ ಅವರು ನಿಂತುಕೊಂಡೇ ಹೇಳಿದರಂತೆ. ಬಾಲರಾಜು ಕೇಳಿ ಐದರ ಬಸ್ಸು ಹತ್ತಿದ. ಹೋಗುವಾಗ ಕಾಂತೇಶನ ಮನೆಗೆ ಬರಲಿಲ್ಲ.

ಕಾಂತೇಶ ಸೂರ್ಯಪ್ರಕಾಶರಿಗೂ ಫೋನು ಮಾಡಿ ನಿಜ ಹೇಳಿದ. ಅವರು, ಆ ಯೋಜನೆ ಮುಗಿದುಹೋಗಿದೆ, ಯಾರೂ ಯಾರನ್ನೂ ಕೇಳುವುದಿಲ್ಲ, ಮರಗಳ ಚಿತ್ರ ಮಾತ್ರ ಕಳಿಸಿ ಎಂದರು. ಭಾನುಪ್ರಿಯಾ ಲ್ಯಾಪ್‌ಟಾಪನ್ನು ಅವನ ಮನೆಯಲ್ಲೇ ಬಿಟ್ಟಳು. ಉದ್ದದ ವೈರೊಂದನ್ನು ಮಂಚದವರೆಗೆ ಎಳೆದು, ಕತ್ತರಿಸುವುದು ಜೋಡಿಸುವುದು ಹೇಳಿಕೊಟ್ಟಳು. ಕಾಂತೇಶ ಹೊಟ್ಟೆಯ ಮೇಲೆ ದಿಂಬಿಟ್ಟುಕೊಂಡು ಒಂದೊಂದೇ ಮರ ನೋಡಿ, ಇದು ಕಪ್ಪುತಲೆ ಹುಳು, ಇದು ನುಸಿ, ಇದು ಆರೋಗ್ಯದ ಮರ ಎಂದು ಬರೆದಿಡುತ್ತ ಹೋದ. ದಿನಕ್ಕೆ ಹತ್ತು ನಿಮಿಷದಷ್ಟು ಚಿತ್ರ ನೋಡಿ ಮುಗಿದರೆ ಹೆಚ್ಚು. ಬಾಲರಾಜುವಿಗೆ ಎರಡು ಸಲ ಫೋನು ಮಾಡಿದ. ಅವನು ಎತ್ತಲಿಲ್ಲ. ಮೂರನೇ ಸಲ ಮಾಡುವ ಧೈರ್ಯ ಬರಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ತಾನಾಗಿ ಬಂತು.

"ಒಂದು ಕೇಳ್ಬೇಕಿತ್ತು," ಎಂದ ಬಾಲರಾಜು. ಹೇಗಿದ್ದೀಯ ಎಂದು ಕೇಳಲಿಲ್ಲ. "ನಮ್ಮವ್ವ ಆಗ ದಿನಾ ಮಧ್ಯಾಹ್ನ ತೋಟಕ್ಕೆ ಊಟ ತತ್ತಿದ್ಲಲ್ಲ. ನೀನು ಮೇಲಿರೋವಾಗ. ಅದ್ರಲ್ಲಿ ಎಲ್ಲಾದ್ರೂ ಅವಳು ಬಂದವ್ಳಾ ನೋಡ್ತೀಯಾ? ತೀರ್ಕಂಡು ನಾಕು ವರ್ಷ ಆಯ್ತು. ನಮ್ಮತ್ರ ಇರೋದು ಆಧಾರ್ ಕಾರ್ಡಿನ ಫೋಟೋ ಒಂದೇ."

ಬಾಲರಾಜುವಿನ ತಾಯಿ ರೇವಮ್ಮ ತೀರಿಕೊಂಡದ್ದು ಕಾಂತೇಶನಿಗೆ ಗೊತ್ತೇ ಇರಲಿಲ್ಲ. "ನೋಡ್ತೀನಿ," ಎಂದ.

ಇಲ್ಲಿಯವರೆಗೆ ಅವನು ಗರಿ, ಗೊನೆಗಳನ್ನಷ್ಟೇ ನೋಡಿದ್ದ. ಈಗ ಮತ್ತೆ ಸೊನ್ನೆಯಿಂದ ಶುರುಮಾಡಿ, ಗರಿಗಳ ಸಂದಿಯಲ್ಲಿ ಕಾಣುವ ನೆಲವನ್ನು ನೋಡತೊಡಗಿದ. ಪೊರಕೆಯ ಕಡ್ಡಿ ಮುಟ್ಟಲಿಲ್ಲ. ಮೂರನೇ ದಿನ, ಹತ್ತನೇ ಫೈಲಿನಲ್ಲಿ, ಸುಳಿಯ ಕಡೆಯಿಂದ ಕ್ಯಾಮೆರಾ ಕೆಳಕ್ಕೆ ತಿರುಗಿದಾಗ ಬದುವಿನ ಮೇಲೆ ಒಂದು ಕೆಂಪು ಸೀರೆ ಕಾಣಿಸಿತು. ತಲೆಯ ಮೇಲೆ ಪುಟ್ಟಿ. ಅವಳು ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಇಳೀರಪ್ಪ, ಮುದ್ದೆ ಆರೋಯ್ತದೆ," ಎಂದು ಕೂಗಿದಳು. ಹನ್ನೆರಡು ಸೆಕೆಂಡು. ಆಮೇಲೆ ಗರಿ ಅಡ್ಡ ಬಂತು.

ಕಾಂತೇಶ ಅಷ್ಟನ್ನು ಕತ್ತರಿಸಿ ತೆಗೆದ. ಅಡ್ಡ ಬಂದ ಗರಿಯನ್ನೂ ಬಿಟ್ಟುಕೊಂಡ, ಅವಳ ಕೊನೆಯ ಮಾತು ಅದರ ಹಿಂದಿನಿಂದ ಕೇಳುತ್ತಿತ್ತು. ಮೊಬೈಲಿನಲ್ಲಿ ನೋಡುವ ಹಾಗೆ ಸಣ್ಣದು ಮಾಡಿ ಕಳಿಸಿದ. ಅರ್ಧ ಗಂಟೆ ಏನೂ ಬರಲಿಲ್ಲ. ಆಮೇಲೆ ಒಂದೇ ಪದ ಬಂತು: "ಬಂತು." ಇನ್ನೂ ಸ್ವಲ್ಪ ಹೊತ್ತಿಗೆ ಇನ್ನೊಂದು: "ಇನ್ನೂ ಐತಾ?"

ನೋಡಲು ಇನ್ನೂ ಹದಿಮೂರು ಫೈಲುಗಳಿದ್ದವು. ಕಾಂತೇಶ ಹನ್ನೊಂದನೆಯದನ್ನು ತೆರೆದ.